ನಾನು ಸಹಿ ಹಾಕಿದ ಸಾವು

ನಾನು ಹುಟ್ಟಿ ಬೆಳೆದದ್ದು ಕೊಂಕಣಿ ಸೀಮೆಯ ಗಣಿ ಊರಾದ ಉಸಗಾಂವದಲ್ಲಿ, ಅದಿರು ಲಾರಿಗಳ ಕೆಂಪು ಧೂಳು ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತಿದ್ದ ಕಾಲದಲ್ಲಿ. ಅಪ್ಪ ವಿಜಯಪುರದ ಕಡೆಯಿಂದ ಗಣಿ ಕೆಲಸಕ್ಕೆ ಬಂದವನು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ. ಈ ಮೂರೂ ಬಾಯಿಗೆ ಬಂದದ್ದರಿಂದಲೇ ನಾನು ವಕೀಲಳಾದೆ ಎನ್ನಬೇಕು. ಫೋಂಡಾ ಕೋರ್ಟಿನಲ್ಲಿ ನಮ್ಮ ಕಡೆಯ ಕೂಲಿಯವರು ಹೇಳಿದ್ದು ಜಡ್ಜರಿಗೆ ತಿಳಿಯುತ್ತಿರಲಿಲ್ಲ, ಜಡ್ಜರು ಹೇಳಿದ್ದು ಇವರಿಗೆ ತಿಳಿಯುತ್ತಿರಲಿಲ್ಲ. ನಡುವೆ ನಿಂತು ಐದು ವರ್ಷ ವಾದ ಮಾಡಿದೆ. ಕಟ್ಟಡದಿಂದ ಬಿದ್ದವನ ಪರವಾಗಿ ನಿಂತರೆ ಎದುರಿನವರು ಹಾಜರಿ ಪುಸ್ತಕ ತಂದು, ಈತ ಆ ದಿನ ಕೆಲಸಕ್ಕೇ ಬಂದಿಲ್ಲ ಎನ್ನುತ್ತಿದ್ದರು. ಇದನ್ನು ಬರೆದವರು ಯಾರು, ಯಾವಾಗ ಬರೆದರು, ಕಣ್ಣಾರೆ ಕಂಡು ಬರೆದರೇ ಎಂದು ಕೇಳಿ ಕೇಳಿ ನಾನು ಆ ಪುಸ್ತಕಗಳು ಸುಳ್ಳೆಂದು ತೋರಿಸುತ್ತಿದ್ದೆ.

ಆಮೇಲೆ ಪರೀಕ್ಷೆ ಬರೆದು ವಿದೇಶಾಂಗ ಸೇವೆಗೆ ಸೇರಿದೆ. ಅವ್ವ ಚಾಳಿನವರಿಗೆಲ್ಲ, ನನ್ನ ಮಗಳನ್ನು ದೇಶದ ವಕೀಲಕಿ ಮಾಡಿದ್ದಾರೆ ಎಂದು ಹೇಳಿಕೊಂಡು ತಿರುಗಿದಳು.

ಎರಡನೆಯ ಪೋಸ್ಟಿಂಗ್ ಕೊಲ್ಲಿಯ ಒಂದು ಊರಿಗೆ ಬಂತು. ಅಲ್ಲಿ ನನಗೆ ಕೊಟ್ಟದ್ದು ನಮ್ಮ ಕಾರ್ಮಿಕರ ಕಷ್ಟಸುಖ ನೋಡುವ ವಿಭಾಗ. ಒಂದು ಬೇಸಿಗೆಯ ಮಧ್ಯಾಹ್ನ ಕೂಲಿಯವರ ವಸತಿಯೊಂದಕ್ಕೆ ಬೆಂಕಿ ಬಿದ್ದು, ಒಬ್ಬ ಮಲಗಿದ್ದ ಮಂಚದಲ್ಲೇ ಸುಟ್ಟುಹೋದ. ಗುರುತು ಹಿಡಿಯಲು ಮುಖವೂ ಉಳಿದಿರಲಿಲ್ಲ, ಕೈಬೆರಳೂ ಉಳಿದಿರಲಿಲ್ಲ. ಆ ಮಂಚ ಇಬ್ಬರದು, ಒಬ್ಬನದು ಹಗಲು ಪಾಳಿ, ಇನ್ನೊಬ್ಬನದು ರಾತ್ರಿ ಪಾಳಿ. ಒಬ್ಬ ಎದ್ದು ಹೋದ ಮೇಲೆ ಮತ್ತೊಬ್ಬ ಬಂದು ಮಲಗುವುದು. ಒಬ್ಬ ನಮ್ಮವನು, ನಮ್ಮೂರ ಕಡೆಯದೇ ಆದ ವಾಳಪೈಯ ಹುಡುಗ. ಇನ್ನೊಬ್ಬ ಬೇರೆ ದೇಶದವನು. ಬೆಂಕಿಯ ನಂತರ ಇಬ್ಬರೂ ಕಾಣಲಿಲ್ಲ. ಆ ವಾರ ರಾತ್ರಿ ಪಾಳಿ ನಿಮ್ಮವನದೇ, ಮಲಗಿದ್ದವನು ಅವನೇ, ಇನ್ನೊಬ್ಬ ವೀಸಾ ಮುಗಿದಿದ್ದರಿಂದ ಓಡಿಹೋಗಿದ್ದಾನೆ ಎಂದು ಮೇಸ್ತ್ರಿ ಪಾಳಿ ಪುಸ್ತಕ ತೆರೆದು ತೋರಿಸಿದ.

ಹುಡುಗನ ತಾಯಿಗೆ ಫೋನು ಮಾಡಿದೆ. ಗಾದಿ ಹೊಲಿಯುವ ಪಿಂಜಾರರ ಮನೆತನ, ಹಾನಗಲ್ಲ ಕಡೆಯಿಂದ ಬಂದು ವಾಳಪೈಯಲ್ಲಿ ನೆಲೆನಿಂತವರು. ಆಕೆ ಅಳಲಿಲ್ಲ. ಮಣ್ಣು ಕಾಯಿಸಬಾರದು, ಬೇಗ ಮುಗಿಸಿಕೊಡಿ ಎಂದಷ್ಟೇ ಕೇಳಿಕೊಂಡಳು. ರಕ್ತಸಂಬಂಧದ ಪರೀಕ್ಷೆ ಮಾಡಿಸಿದರೆ ತಿಂಗಳುಗಳೇ ಹಿಡಿಯುತ್ತಿದ್ದವು. ಸತ್ತವನು ಅವನೇ ಎಂಬ ಕಾಗದಕ್ಕೆ ನಾನು ಸಹಿ ಹಾಕಿದೆ. ಅಲ್ಲಿಯೇ ಮಣ್ಣು ಮಾಡಿ, ಬರೀ ನಂಬರಿನ ಕಲ್ಲು ನೆಟ್ಟರು. ಫೋಂಡಾ ಕೋರ್ಟಿನಲ್ಲಾಗಿದ್ದರೆ ಆ ಪಾಳಿ ಪುಸ್ತಕ ನನ್ನೆದುರು ಐದು ನಿಮಿಷ ನಿಲ್ಲುತ್ತಿರಲಿಲ್ಲ.

ಒಂದೂವರೆ ವರ್ಷದ ನಂತರ ರಜೆಯಲ್ಲಿ ಬಂದಾಗ ಸಾಂಖಳಿ ದಾಟಿ ಆಕೆಯ ಮನೆಗೆ ಹೋದೆ. ಯಾಕೆ ಹೋದೆ ಎಂದರೆ, ಆ ಸಹಿ ನನ್ನನ್ನು ಬಿಟ್ಟಿರಲಿಲ್ಲ. ವಿಮಾನ ನಿಲ್ದಾಣದ ಸಾಲುಗಳಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಕಡತದ ಫೋಟೋದಲ್ಲಿದ್ದ ಆ ಹುಡುಗನ ಮುಖ ಕಂಡಂತಾಗಿ ಹಿಂತಿರುಗಿ ನೋಡುತ್ತಿದ್ದೆ. ಆಕೆ ಪಡಸಾಲೆಯಲ್ಲಿ ಹತ್ತಿ ತುಂಬಿದ ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ಚಹಾ ಕೊಟ್ಟಳು. ಈದ್‌ಗೆ ಮುಂಚೆ ಹೊರದೇಶದ ನಂಬರಿನಿಂದ ಫೋನು ಬಂದಿತ್ತು, ಯಾರೂ ಮಾತಾಡಲಿಲ್ಲ, ಬರೀ ಉಸಿರು ಕೇಳಿಸಿತು ಎಂದಳು. ಆಮೇಲೆ ಸೂಜಿ ನಿಲ್ಲಿಸಿ ಕೇಳಿದಳು:

"ನೀವು ಅವನ ಮಾರಿ ನೋಡಿದ್ರೇನ್ರಿ?"

"ಇಲ್ರಿ," ಅಂದೆ.

ಮಂಚ ಇಬ್ಬರದಾಗಿತ್ತು ಎಂಬುದನ್ನು ಆ ದಿನ ಮೊದಲ ಸಲ ಹೇಳಿದೆ. ಆಕೆ ಸೂಜಿಯನ್ನು ಗಾದಿಗೆ ಚುಚ್ಚಿಟ್ಟು, ರಕ್ತ ಬೇಕಾದರೆ ತೆಗೆದುಕೊಳ್ಳಿ ಎಂದು ಕೈ ಮುಂದೆ ಮಾಡಿದಳು.

ಕೊಲ್ಲಿಯ ಆ ಊರಿನ ಪೊಲೀಸರು ಸುಟ್ಟ ದೇಹದ ಒಂದು ಚೂರು ಮೂಳೆ ಇಟ್ಟಿದ್ದರು. ಅಷ್ಟು ಹೊತ್ತಿಗೆ ನಾನು ವರ್ಗವಾಗಿ ಬೇರೆ ದೇಶದಲ್ಲಿದ್ದೆ. ಅಲ್ಲಿಂದಲೇ ಪತ್ರ ಬರೆದು, ಕಾಡಿ ಬೇಡಿ ಪರೀಕ್ಷೆ ಮಾಡಿಸುವಷ್ಟರಲ್ಲಿ ಎಂಟು ತಿಂಗಳಾಯಿತು. ಹೊಂದಲಿಲ್ಲ. ಗೋರಿಯಲ್ಲಿದ್ದವನು ಆಕೆಯ ಮಗನಲ್ಲ.

ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ಬಾರದೆ ರಜೆ ಹಾಕಿ ಬಂದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿಕೊಂಡಿದ್ದೆ. ಆಕೆ ಪೂರ್ತಿ ಕೇಳಿಸಿಕೊಂಡು, ಗೋಡೆಗೆ ಒರಗಿ, ಕೇಳಿದ್ದು ಇಷ್ಟೇ:

"ಹಂಗಾರ ಅಲ್ಲಿ ಮಲಗಿದಾಂವ ಯಾರ ಮಗ ಆದ? ಅವರವ್ವಗ ತಿಳಿಸೀರೇನ್ರಿ?"

ತಿಳಿಸಿರಲಿಲ್ಲ. ಖರೇ ಹೇಳಬೇಕೆಂದರೆ ಆ ತಾಯಿಯ ಯೋಚನೆಯೇ ನನಗೆ ಬಂದಿರಲಿಲ್ಲ. ಆಕೆ ಮಾತ್ರ, ಎರಡು ವರ್ಷದಿಂದ ಆ ಗೋರಿಯಲ್ಲಿರುವವನಿಗಾಗಿ ದುವಾ ಮಾಡುತ್ತ ಬಂದಿದ್ದೇನೆ, ಇನ್ನು ಮುಂದೆಯೂ ಮಾಡುತ್ತೇನೆ ಎಂದಳು.

ಮಂಚದ ಆ ಇನ್ನೊಬ್ಬನ ದೇಶದ ರಾಯಭಾರ ಕಚೇರಿಗೆ ನಾನೇ ಬರೆದೆ. ಹಳ್ಳಿಯೊಂದರಲ್ಲಿ ಅವನ ಅಕ್ಕ ಸಿಕ್ಕಳು, ರಕ್ತ ಹೊಂದಿತು. ಬರೀ ನಂಬರಿದ್ದ ಕಲ್ಲಿನ ಮೇಲೆ ಹೆಸರು ಬಂತು.

ಉಳಿದವನು ನಮ್ಮ ಹುಡುಗ. ಪುಸ್ತಕದಲ್ಲಿ ಬರೆಸದೆ ಇಬ್ಬರೂ ಆ ದಿನ ಪಾಳಿ ಬದಲಿಸಿಕೊಂಡಿರಬೇಕು. ಯಾಕೆ ಓಡಿಹೋದ, ಪಾಳಿ ಬದಲಿಸಿಕೊಂಡದ್ದಕ್ಕೆ ತನ್ನನ್ನೇ ಹೊಣೆ ಮಾಡುತ್ತಾರೆಂದು ಹೆದರಿದನೋ, ತಿಳಿಯದು. ಅವನ ಹೆಸರು, ಹುಟ್ಟಿದ ದಿನ ಬರೆದು ಹೊರದೇಶಗಳಲ್ಲಿರುವ ನಮ್ಮ ಎಲ್ಲ ರಾಯಭಾರ ಕಚೇರಿಗಳಿಗೂ ಕಳಿಸಿದೆ. ಒಂದು ಬಂದರು ಊರಿನಿಂದ ಉತ್ತರ ಬಂತು. ಬೆಂಕಿ ಬಿದ್ದು ನಾಲ್ಕು ತಿಂಗಳಿಗೆ ಅಲ್ಲಿಯ ಕೌಂಟರಿಗೆ ಒಬ್ಬ ಬಂದು, ಪಾಸ್‌ಪೋರ್ಟ್ ಕಳೆದಿದೆ ಎಂದು ಆ ಹೆಸರು, ಊರು ಹೇಳಿದ್ದನಂತೆ. ಗುಮಾಸ್ತ ಕಂಪ್ಯೂಟರ್ ನೋಡಿ, ಆ ಮನುಷ್ಯ ಸತ್ತಿದ್ದಾನೆ ಎಂದನಂತೆ. ಬಂದವನು ಹಾಗೇ ಹೊರಟುಹೋದ. ಒಂದೇ ಸಾಲಿನ ಟಿಪ್ಪಣಿ. ಗುಮಾಸ್ತನದೇನೂ ತಪ್ಪಿರಲಿಲ್ಲ. ಅವನೆದುರಿಗಿದ್ದುದು ನನ್ನ ಸಹಿ.

ಅಂದಿನಿಂದ ನನ್ನನ್ನು ಕಾಡುವುದು ಆ ಬೆಂಕಿಯಲ್ಲ, ಈ ಕೌಂಟರು. ಊಟಕ್ಕೆ ಕುಳಿತಾಗ, ಸಭೆಗಳ ನಡುವೆ, ಗಾಜಿನಾಚೆ ನಿಂತವನೊಬ್ಬ ತಾನು ಸತ್ತಿರುವ ಸುದ್ದಿಯನ್ನು ಕೇಳಿಸಿಕೊಳ್ಳುವುದು ಕಾಣುತ್ತದೆ.

ಆತ ಅವನೇ ಎಂದು ಸಾಬೀತಿಲ್ಲ ಎಂದು ಎಚ್ಚರಿಸಿಯೇ ತಾಯಿಗೆ ಇದನ್ನೂ ಹೇಳಿದೆ. ಜೀವಂತ ಇದ್ದಾನೆ ಎಂದು ಆಕೆ ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಆ ಗುಮಾಸ್ತ ಮೆಲ್ಲಗೆ ಹೇಳಿದನೋ, ಗದರಿ ಹೇಳಿದನೋ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಈಗ ಆ ಕಂಪ್ಯೂಟರಿನಲ್ಲಿ ಏನಿದೆ ಎಂದಳು. ಸತ್ತಿದ್ದಾನೆ ಎಂಬುದನ್ನು ತೆಗೆಸಿ, ಕಾಣೆಯಾಗಿದ್ದಾನೆ ಎಂದು ಹಾಕಿಸಿದ್ದೇನೆ, ಕೆಳಗೆ ಸೂಚನೆ ಬರೆಯಲು ಜಾಗವಿದೆ ಎಂದೆ.

"ಹಂಗಾರ ಅದ್ರಾಗ ಬರೀರಿ," ಎಂದಳು. "ಯಾರರೆ ಬಂದು ಆ ಹೆಸರು ಹೇಳಿದ್ರ, ಮೊದ್ಲ ಕೂಡಸ್ರಿ. ನೀರು ಕೊಡ್ರಿ. ಆಮ್ಯಾಲೆ ಉಳದದ್ದು ಕೇಳ್ರಿ."

ಸರ್ಕಾರಿ ಭಾಷೆಗೆ ತಿರುಗಿಸದೆ, ಆಕೆ ಹೇಳಿದ ಹಾಗೆಯೇ ಸೇರಿಸಿದೆ. ನಮ್ಮ ಎಲ್ಲ ಕೌಂಟರುಗಳಲ್ಲೂ ಆ ಸೂಚನೆ ಇದೆ. ಇನ್ನೂ ಯಾರೂ ಬಂದಿಲ್ಲ.