ಡಬ್ಬಿಯ ಮೇಲಿನ ಹೆಸರು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದಲ್ಲಿ ನನಗೂ ಖತೀಜಾಬಿಗೂ ಹದಿನೈದು ವರ್ಷದ ಜೊತೆ. ಅಕ್ಕಪಕ್ಕ ಕುಳಿತು ಕೆಮ್ಮುತ್ತೇವೆ, ಜಗಳಾಡುತ್ತೇವೆ. ಅವಳ ಗಂಡ ಮೆಹಬೂಬ ಕರಾವಳಿಯ ಸರಕಿನ ದೋಣಿಯೊಂದರಲ್ಲಿ ಅಡುಗೆ ಮಾಡುತ್ತಿದ್ದ. ಆರು ವರ್ಷದ ಹಿಂದೆ ಆ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಮೆಹಬೂಬನ ಹೆಣ ಸಿಗಲಿಲ್ಲ. ಅವನು ಅವತ್ತು ದೋಣಿ ಹತ್ತಿದ್ದನೋ ಇಲ್ಲವೋ ಎಂದು ಗಟ್ಟಿಯಾಗಿ ಹೇಳುವವರೂ ಇರಲಿಲ್ಲ. ಇವಳಿಗೆ ಅಷ್ಟೇ ಸಾಕಾಯಿತು. ಕೈಯ ಗಾಜಿನ ಬಳೆ ಇಳಿಸಲೇ ಇಲ್ಲ.

ಈಗ ಮಗಳು ದಿಲನಾಜಳ ಮದುವೆ. ತೀರಿಕೊಂಡವರಿಗೆ ಹಾಕುವ ಹಾಗೆ, ಪತ್ರಿಕೆಯಲ್ಲಿ ಅಪ್ಪನ ಹೆಸರಿನ ಜೊತೆ 'ಮರಹೂಮ್' ಎಂದು ಹಾಕಿಸಿ ಎಂದು ಬೀಗರು ಪಟ್ಟು ಹಿಡಿದರು. ಖತೀಜಾಬಿ ಒಪ್ಪಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು: ಕುಮಟಾ ದಾಟಿ ಒಂದು ಸಣ್ಣ ಊರಿನಲ್ಲಿ ಮುಳುಗಿದ ದೋಣಿಗಳ ಸಾಮಾನಿನ ವಸ್ತುಸಂಗ್ರಹಾಲಯ ತೆರೆದಿದ್ದಾರಂತೆ, ಅಲ್ಲಿ ಆ ದೋಣಿಯದೂ ಇದೆಯಂತೆ. ನೋಡಿ ಬರೋಣ ಬಾ ಎಂದಳು. ಇದೆಲ್ಲ ಬೇಕಿತ್ತೇ ಎಂದು ಸಿಡುಕುತ್ತಲೇ ಹೊರಟೆ.

ಘಟ್ಟ ಇಳಿಯುವಾಗ ನನಗೆ ವಾಂತಿ, ಅವಳ ತುಟಿಯ ಮೇಲೆ ದುವಾ. ಅಲ್ಲಿ ಏನೂ ಸಿಗಬಾರದು ಎಂದೇ ಬೇಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನನಗೂ ಒಳಗೊಳಗೇ ಹೆದರಿಕೆ.

ವಸ್ತುಸಂಗ್ರಹಾಲಯವೆಂದರೆ ಎರಡು ಹಂಚಿನ ಕೋಣೆ. ತುಕ್ಕು ಹಿಡಿದ ಲಂಗರು, ಚಿಪ್ಪು ಅಂಟಿದ ಗಡಿಯಾರ, ಪಿಂಗಾಣಿ ತಟ್ಟೆಗಳು. ಖತೀಜಾಬಿ ಒಂದೊಂದರ ಮುಂದೆಯೂ ನಿಂತು, ಅದು ತನ್ನವನದಲ್ಲ ಎಂದು ಖಾತ್ರಿಯಾದ ಮೇಲೆಯೇ ಉಸಿರು ಬಿಡುತ್ತಿದ್ದಳು. ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ಆ ದೋಣಿಯಿಂದ ತಂದ ಸ್ಟೀಲಿನ ಊಟದ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು: ಅಬ್ದುಲಗನಿ, ಮೇಡ್ಲೇರಿ. ಕೆಳಗಿನ ಚೀಟಿಯಲ್ಲಿ, ಮೃತ ಅಬ್ದುಲಗನಿಯ ಡಬ್ಬಿ ಎಂದಿತ್ತು.

ನನಗೆ ಹೋದ ಜೀವ ಬಂದಂತಾಯಿತು. ಬೇರೆ ಯಾರೋ, ಪಾಪ. ನಡಿ, ಚಹಾ ಕುಡಿಯೋಣ ಎಂದು ಅವಳ ಕೈ ಎಳೆದೆ. ಅವಳು ಕದಲಲಿಲ್ಲ. ಆಮೇಲೆ ನನ್ನ ಮಂದ ತಲೆಗೂ ಹೊಳೆಯಿತು. ನಮ್ಮ ಕಡೆ ಮದುವೆಗೆ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರನ್ನೇ ಕೊರೆಸಿ ಕೊಡುತ್ತಾರೆ. ನಾವೆಲ್ಲ ಗನಿಯಣ್ಣ ಎಂದು ಕರೆಯುವ, ಮೊನ್ನೆಯಷ್ಟೇ ಮೇಡ್ಲೇರಿಯಿಂದ ಬಂದು ಹೋದ ಖತೀಜಾಬಿಯ ಅಣ್ಣನ ಪೂರ್ತಿ ಹೆಸರು ಅದು.

ಅಲ್ಲಿನ ಮೇಲ್ವಿಚಾರಕರು ಬಂದು, ಈ ಡಬ್ಬಿಯವರ ಮನೆಯವರು ನಿಮಗೆ ಗೊತ್ತೇ ಎಂದು ವಿಚಾರಿಸಿದರು.

"ಚೀಟ್ಯಾಗ ತಪ್ಪ ಬರದೀರಿ," ಎಂದಳು ಖತೀಜಾಬಿ. "ಅಬ್ದುಲಗನಿ ನಮ್ಮಣ್ಣ, ಆರಾಮ ಅದಾನ. ನನ್ನ ಮದುವ್ಯಾಗ ಕೊಟ್ಟ ಡಬ್ಬಿ ಅದು. ಕಡೀ ಸಲ ಹೋಗುವಾಗ ಅದರಾಗ ನಾನ ರೊಟ್ಟಿ ಹಾಕಿ ಕೊಟ್ಟಿದ್ದೆ."

ಅವರು ಪೆನ್ನು ತೆಗೆದು, ಹಾಗಾದರೆ ಯಾರ ಹೆಸರು ಬರೆಯಲಿ ಎಂದು ಕೇಳಿದರು. ಆ ಮನುಷ್ಯನ ಬಾಯಿ ಮುಚ್ಚಬೇಕೆನಿಸಿತು ನನಗೆ. ಖತೀಜಾಬಿ ಗಾಜಿನ ಮೇಲೆ ಅಂಗೈ ಊರಿದಳು.

"ಮೆಹಬೂಬ ಅಂತ ಬರೀರಿ. ನನ್ನ ಗಂಡ. ತೀರಿಕೊಂಡಾರ."

ಅವರು ಬರೆದು ಮುಗಿಸುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು.