ಏಳನೇ ನಂಬರಿನವನ ಗೋಲು

ಅಕ್ಕನ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಗಿತ್ತು. ಫುಟ್‌ಬಾಲ್ ಪಂದ್ಯಗಳಲ್ಲಿ ಪತ್ರಕರ್ತರಿಗೆಂದು ಹಾಕಿದ ಪೆಂಡಾಲಿನ ನೆರಳಿನ ಕುರ್ಚಿಗಳನ್ನೆಲ್ಲ ಗಂಡಸರು ಹಿಡಿದುಬಿಡುತ್ತಿದ್ದರು. ಅಕ್ಕ ಎದುರು ಬದಿಗೆ ಹೋಗಿ ಮೈದಾನದ ಗೆರೆಯ ಪಕ್ಕ, ಇಳಿಬಿಸಿಲಿಗೆ ಕೆನ್ನೆಯೊಡ್ಡಿ ನಿಲ್ಲುತ್ತಿದ್ದರು. "ಇಲ್ಲಿ ನಿಂತ್ರ ಹುಡುಗರು ಒಬ್ಬರಿಗೊಬ್ಬರು ಬೈಯೂದೂ ಕೇಳತೈತಿ" ಎನ್ನುತ್ತಿದ್ದರು.

ಕೊಲ್ಹಾಪುರದ ಆ ಮರಾಠಿ ದಿನಪತ್ರಿಕೆಯಲ್ಲಿ ಕನ್ನಡ ಮನೆಮಾತಿನವರು ನಾವಿಬ್ಬರೇ, ಅದಕ್ಕೇ ಅವರು ನನಗೆ ಅಕ್ಕ. ಅವರು ಯಡ್ರಾವದ ಮಗ್ಗದ ಮನೆಯವರು, ಕ್ರೀಡಾ ವರದಿಗಾರ್ತಿ. ನಾನು ಮಹಾಗಾಂವದವಳು, ಕಚೇರಿಯಲ್ಲಿ ಕೂತು ಬೇರೆಯವರ ವರದಿ ತಿದ್ದುವವಳು. ನನಗೂ ಕ್ರೀಡೆಯೇ ಬೇಕಿತ್ತು. ಕೇಳಿದಾಗಲೆಲ್ಲ ಸಂಪಾದಕರು, ಆ ಪುಟಕ್ಕೆ ಒಬ್ಬ ಹೆಂಗಸು ಇದ್ದಾಳಲ್ಲ, ಸಾಕು ಎನ್ನುತ್ತಿದ್ದರು. ಅವರ ಮೇಲೆ ಬರಬೇಕಾದ ಸಿಟ್ಟು ನನಗೆ ಅಕ್ಕನ ಮೇಲೆ ಬಂತು. ಬೆಳಿಗ್ಗೆ ಪತ್ರಿಕೆಯಲ್ಲಿ ಅವರ ಹೆಸರು ಕಂಡರೆ ಪುಟ ಮಗುಚಿಬಿಡುತ್ತಿದ್ದೆ. ಕುಸ್ತಿಯ ತಾಲೀಮಿನೊಳಗೆ, ಅಂದರೆ ಗರಡಿಮನೆಯೊಳಗೆ, ಹೆಂಗಸರು ಕಾಲಿಡುವಂತಿಲ್ಲ. ಆದರೆ ಅಕ್ಕ ಹೋದರೆ ಪಟ್ಟು ಕಲಿಸುವ ಮುದಿ ವಸ್ತಾದರೇ ಕುರ್ಚಿಯನ್ನು ಹೊಸ್ತಿಲಿಗೆ ತಂದು ಕೂತು ಮಾತಾಡುತ್ತಿದ್ದರಂತೆ. ಅದನ್ನು ಕೇಳಿದ ದಿನ ಅವರ ವರದಿಯಲ್ಲಿ ತಪ್ಪು ಹುಡುಕುತ್ತ ಕೂತೆ.

ಒಮ್ಮೆ ಗಡಹಿಂಗ್ಲಜದಲ್ಲಿ ಫೈನಲ್ ಇತ್ತು. ವರದಿ ಕಳಿಸಿದ ಸ್ವಲ್ಪ ಹೊತ್ತಿಗೆ ಅಕ್ಕ ಫೋನ್ ಮಾಡಿದರು.

"ತಂಗಿ, ಗದ್ದಲದಾಗ ತಪ್ಪಾಗೇತಿ. ಗೋಲ್ ಹೊಡದಾಂವ ಹನ್ನೊಂದನೇ ನಂಬರಿನಾಂವ ಅಲ್ಲ, ಏಳನೇದಾಂವ. ಹೆಸರು ತಿದ್ದಿಬಿಡವಾ."

"ಹೂಂ, ತಿದ್ದತೀನ್ರಿ ಅಕ್ಕಾರ" ಎಂದೆ.

ತಿದ್ದಲಿಲ್ಲ. ಮರೆತಿರಲಿಲ್ಲ, ಪುಟ ನನ್ನ ಕಣ್ಣೆದುರಿಗೇ ಇತ್ತು.

ಮರುದಿನ ಉಳಿದೆಲ್ಲ ಪತ್ರಿಕೆಗಳಲ್ಲಿ ಏಳನೇ ನಂಬರಿನವನ ಹೆಸರು, ನಮ್ಮದರಲ್ಲಿ ಹನ್ನೊಂದನೆಯವನದು. ಹೆಂಗಸರಿಗೆ ಅಂಗಿಯ ಬಣ್ಣ ಕಾಣುತ್ತದೆ, ನಂಬರ್ ಎಲ್ಲಿ ಕಾಣುತ್ತದೆ ಎಂದು ಗಂಡಸರು ಮರಾಠಿಯಲ್ಲಿ ನಕ್ಕರು. ಸಂಪಾದಕರು ಎಲ್ಲರೆದುರು ಬೈದರು. ಅಕ್ಕ ಒಮ್ಮೆ ನನ್ನತ್ತ ನೋಡಿ, ತಪ್ಪು ನನ್ನದೇ ಎಂದರು.

ಆಮೇಲೆ ನೀರು ಕುಡಿಯುವಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ಫೋನ್ ಮಾಡಿದ್ದೆ ಅಂತ ಹೇಳಬಹುದಿತ್ತು. ಹೇಳಿದ್ರ ಇಬ್ಬರೂ ಹೋಗತಿದ್ವಿ. ಹೆಂಗಸರು ಬ್ಯಾಡ ಅನ್ನಾಕ ಅವರಿಗೆ ಅಷ್ಟ ಸಾಕು." ಬಾಟಲಿಗೆ ನೀರು ತುಂಬಿಕೊಂಡು ಮತ್ತೆ ಅಂದರು, "ನೀ ಮೈದಾನಕ್ಕ ಬಾ. ಇಲ್ಲೇ ಕುಂತ್ರ ಮನಷ್ಯಾ ಹಿಂಗ ಆಗತಾನ."

ಆ ವಾರವೇ ಸಂಪಾದಕರ ಕೋಣೆಗೆ ಹೋಗಿ ನನ್ನನ್ನೂ ಕ್ರೀಡೆಗೆ ಹಾಕುವಂತೆ ವಾದಿಸಿ ಒಪ್ಪಿಸಿದರು. ಹೊರಬಂದು ನನಗೆ ಹೇಳಿದ್ದಿಷ್ಟೇ: "ಒಬ್ಬಾಕಿ ಇದ್ರ ಆಕಿ ಹೆಂಗಸು. ಇಬ್ಬರಾದ್ರ ವರದಿಗಾರರು."

ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ತಣಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಹೆಚ್ಚಾಯಿತು. ಅಲ್ಲಿಯವರೆಗೆ ಅವರ ಪುಟದ ಮೇಲಿದ್ದ ಕಣ್ಣು ಈಗ ಅವರ ಗುಣದ ಮೇಲೂ ಬಿತ್ತು. ನಾಲ್ಕು ವರ್ಷ ಅವರ ಪಕ್ಕದಲ್ಲಿ ನಿಂತು ಆಟ ನೋಡುವುದನ್ನು ಕಲಿತೆ. ಕ್ಷಮೆ ಮಾತ್ರ ಒಮ್ಮೆಯೂ ಕೇಳಲಿಲ್ಲ.

ಹೋದ ವರ್ಷ ಕಾಯಿಲೆ ಅವರನ್ನು ಬೇಗ ಮುಗಿಸಿತು. ಅವರನ್ನು ಮಣ್ಣು ಮಾಡುವ ದಿನ ಯಡ್ರಾವಕ್ಕೆ ಹೋದೆ. ಅವರ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಆಟಗಾರರು, ಪೈಲ್ವಾನರು ಅಷ್ಟೊಂದು ಮಂದಿ ಸೇರಿದ್ದನ್ನು ಕಂಡು, ನನ್ನ ಮಣ್ಣಿಗೆ ಯಾರು ಬಂದಾರು ಎಂಬ ಯೋಚನೆ ಅಲ್ಲೂ ಬಂತು. ಗಡಹಿಂಗ್ಲಜದ ತಂಡದ ನಾಯಕ ನನ್ನ ಗುರುತು ಹಿಡಿದು ಹತ್ತಿರ ಬಂದ.

"ಅಕ್ಕಾರು ನಿಮ್ಮ ಸುದ್ದಿ ಭಾಳ ಹೇಳತಿದ್ರಿ."

ಆ ಗೋಲಿನ ಸಂಗತಿ ಹೇಳಿಬಿಟ್ಟಿದ್ದರೇ ಎಂದುಕೊಂಡೆ. "ಏನಂತ?"

"ಆಕಿ ನನಗಿಂತ ಚಲೋ ಬರೀತಾಳ ಅಂತ್ರಿ."

ಅವರು ಬದುಕಿರುವಾಗ ಈ ಮಾತನ್ನು ನಾನು ಅವರ ಬಗ್ಗೆ ಯಾರೆದುರೂ ಆಡಲಿಲ್ಲ. ಈಗ ಬರೆಯುತ್ತಿದ್ದೇನೆ: ಅಕ್ಕ ನನಗಿಂತ ಚೆನ್ನಾಗಿ ಬರೆಯುತ್ತಿದ್ದರು.