ಮಂಜಿನೊಳಗಿನ ಹನ್ನೊಂದು ಚುಕ್ಕೆಗಳು

ನಮ್ಮ ಭೂಗೋಳದ ಮೇಡಂ ಅವರ ಬಲಗೈ ಕಿರುಬೆರಳಿನ ಅಂಚು ಯಾವಾಗಲೂ ಪೆನ್ಸಿಲ್ ಸೀಸ ಹತ್ತಿ ಬೂದುಬಣ್ಣವಾಗಿರುತ್ತಿತ್ತು. ಹೊಳಲ್ಕೆರೆಯಿಂದ ಬೆಳಗಿನ ಬಸ್ಸಿಗೆ ಚಿತ್ರದುರ್ಗದ ಕಾಲೇಜಿಗೆ ಬಂದವರೇ ಕಂಪ್ಯೂಟರ್ ಪರದೆಯ ಉಪಗ್ರಹ ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಅಂಟಿಸಿ, ದಕ್ಷಿಣ ಧ್ರುವದ ಕಡಲ ಮೇಲೆ ಹೆಪ್ಪುಗಟ್ಟಿದ ಮಂಜಿನ ಅಂಚನ್ನು ಕೈಯಾರೆ ಎಳೆಯುತ್ತಿದ್ದರು. ವಾರಕ್ಕೊಂದು ಹಾಳೆ.

"ಕಂಪ್ಯೂಟರು ಬಣ್ಣ ತುಂಬತೈತೆ ಅಷ್ಟೆ. ಕೈಲಿ ಎಳುದ್ರೆ ಎಲ್ಲಿ ಅನುಮಾನ ಐತೆ ಅಂತ ಗೊತ್ತಾಗತೈತೆ," ಎನ್ನುತ್ತಿದ್ದರು.

ಅಟೆಂಡರ್ ಒಮ್ಮೆ ಬಾಗಿಲಲ್ಲಿ ನಿಂತು, "ನಲ್ಲೀಲಿ ನೀರು ಬಂದು ನಾಕು ದಿನ ಆತು, ನೀವು ಮಂಜುಗಡ್ಡೆ ಹಿಡ್ಕಂಡು ಕುಂತೀರಲ್ರಿ ಮೇಡಂ," ಎಂದ.

"ಕರಗ್ಲಿ ತಡಿಯಪ್ಪ, ಮೊದಲ್ನೇ ಕೊಡ ನಿಂಗೇ," ಎಂದರು, ತಲೆಯೆತ್ತದೆ.

ಎಂ.ಎಸ್ಸಿ. ಕೊನೆಯ ವರ್ಷದ ನನ್ನ ಪ್ರಬಂಧಕ್ಕೆ ಅವರೇ ಮಾರ್ಗದರ್ಶಕರು. ಸೀಲ್ ಎಂಬ ಕಡಲ ಪ್ರಾಣಿಯ ತಲೆಯ ತುಪ್ಪಳಕ್ಕೆ ವಿಜ್ಞಾನಿಗಳು ಅಂಟಿಸುವ ಪುಟ್ಟ ಯಂತ್ರ, ಆ ಪ್ರಾಣಿ ಉಸಿರಾಡಲು ನೀರಿನಿಂದ ಮೇಲೆ ಬಂದಾಗ ಮಾತ್ರ ಅದು ಎಲ್ಲಿದೆ ಎಂಬ ಸುದ್ದಿಯನ್ನು ಉಪಗ್ರಹಕ್ಕೆ ಕಳಿಸುತ್ತದೆ. ಎಲ್ಲರಿಗೂ ತೆರೆದಿಟ್ಟ ಆ ಮಾಹಿತಿಯನ್ನು ನಾನು ಚುಕ್ಕೆಗಳಾಗಿ ಮಂಜಿನ ಹಾಳೆಗಳ ಮೇಲೆ ಇಡಬೇಕಿತ್ತು. ಒಂದು ಹೆಣ್ಣು ಸೀಲಿನ ಹನ್ನೊಂದು ಚುಕ್ಕೆಗಳು ನಡುಚಳಿಗಾಲದಲ್ಲಿ ಅಂಚನ್ನು ಬಿಟ್ಟು ಮಂಜಿನ ಬಹಳ ಒಳಗೆ ಬಿದ್ದವು. ಅಲ್ಲೆಲ್ಲೋ ಬಿರುಕಿದೆ, ಅದು ಅಲ್ಲಿ ಉಸಿರಾಡುತ್ತಿದೆ ಎಂದು ನನಗನ್ನಿಸಿತು.

"ಉಪಗ್ರಹದ ತಪ್ಪು ಅದು," ಎಂದರು ಮೇಡಂ. "ಇವನ್ನ ಬಿಟ್ಟು ಹೊಸ ಹಾಳೆ ಮಾಡವ್ವ."

"ಹನ್ನೊಂದೂ ತಪ್ಪಾಗಿರ್ತಾವಾ ಮೇಡಂ?"

"ನನ್ ಮೇಲೆ ನಂಬಿಕೆ ಐತೋ ಇಲ್ವೋ?"

ಇತ್ತು. ಹೊಸ ಹಾಳೆ ಮಾಡಿದೆ. ಹಳೆಯದನ್ನು ಅವರು ಮೇಜಿನ ಡ್ರಾಯರಿಗೆ ಹಾಕಿಕೊಂಡರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ನನ್ನ ಪ್ರಬಂಧವನ್ನು ಮಡಚಿಟ್ಟು, "ಚೊಕ್ಕಟವಾಗಿದೆ. ಹೊಸದೇನೂ ಇಲ್ಲ," ಎಂದರು. ಆಸೆಪಟ್ಟಿದ್ದ ಸಂಶೋಧನೆಯ ಸೀಟು ಆ ವರ್ಷ ತಪ್ಪಿತು.

ಮರುವರ್ಷ ಕಾಲೇಜಿನ ವಿಚಾರಸಂಕಿರಣಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಮೇಡಂ ತಮ್ಮ ಹೊಸ ಸಂಶೋಧನೆ ಎಂದು ಪರದೆಯ ಮೇಲೆ ಒಂದು ನಕ್ಷೆ ತೋರಿಸಿದರು. ಮಂಜಿನೊಳಗೆ ಹನ್ನೊಂದು ಚುಕ್ಕೆಗಳು. ಪಕ್ಕದ ತಾರೀಖುಗಳು ನನ್ನ ಅಕ್ಷರದಲ್ಲೇ ಇದ್ದವು.

"ಇವನ್ನು ತಪ್ಪೆಂದು ಕೈಬಿಡುವುದು ಸುಲಭವಿತ್ತು. ನಾನು ಬಿಡಲಿಲ್ಲ," ಎಂದರು ಸಭೆಗೆ.

ಚಹದ ಹೊತ್ತಿಗೆ ಅವರೇ ಹತ್ತಿರ ಬಂದರು. "ಬಂದ್ಯಾ? ಮಿರ್ಚಿ ತಗಂಡ್ಯಾ?"

"ಅದು ನನ್ನ ಹಾಳೆ ಮೇಡಂ."

ಅವರು ಲೋಟ ಕೆಳಗಿಟ್ಟರು. ದನಿ ಮಾತ್ರ ಎಂದಿನಂತೆ ಮೆತ್ತಗಿತ್ತು. "ನೀನು ಬಿಟ್ಟಿದ್ದವ್ವ ಅದು. ಬಿಡು ಅಂದ ತಕ್ಷಣ ಬಿಟ್ಟೆ. ನಾನಾಗಿದ್ರೆ ಜಗಳ ಆಡ್ತಿದ್ದೆ."

ಅವರನ್ನು ನಂಬಿದ್ದನ್ನೇ ತಪ್ಪೆಂದು ನನ್ನ ಮೇಲೆ ಹೊರಿಸಿದಾಗ ಏನು ಹೇಳಬೇಕೋ ಈಗಲೂ ತಿಳಿಯದು.

ಮುಂದಿನ ವಾರ ಅಂಚೆಯಲ್ಲಿ ಅವರ ಶಿಫಾರಸು ಪತ್ರ ಬಂತು. ನಾನು ಕೇಳಿರಲಿಲ್ಲ. ನನ್ನ ಕಣ್ಣು ಸೂಕ್ಷ್ಮ, ಕೆಲಸ ಶುದ್ಧ ಎಂದು ಎರಡು ಪುಟ ಹೊಗಳಿ, ಕೊನೆಗೆ, "ಹೇಳಿದ್ದನ್ನು ಹೇಳಿದಂತೆ ಮಾಡುವ ವಿದ್ಯಾರ್ಥಿನಿ," ಎಂದು ಬರೆದಿದ್ದರು. ಹರಿದುಹಾಕಲು ಎರಡು ಸಲ ಕೈಗೆತ್ತಿಕೊಂಡೆ. ಆಮೇಲೆ ಆ ವರ್ಷದ ಸಂಶೋಧನೆಯ ಅರ್ಜಿಗೆ ಲಗತ್ತಿಸಿದೆ. ಶಿವಮೊಗ್ಗದಲ್ಲಿ ಸೀಟು ಸಿಕ್ಕಿತು.

ಮೇಡಂ ಹೊಳಲ್ಕೆರೆಯಲ್ಲೇ ಇದ್ದಾರೆ. ಶಿವಮೊಗ್ಗಕ್ಕೆ ಹೋಗುವ ನನ್ನ ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಧನ್ಯವಾದ ಹೇಳಲು ನಾನು ಇಳಿದಿಲ್ಲ. ಜಗಳವಾಡಲೂ ಇಳಿದಿಲ್ಲ.